ಐದು ಸ್ಟಾರ್ ಕೊಟ್ಟವರಿಗೆ ಕಮಿಷನ್ ಎಷ್ಟು?

ಮಾನ್ಯ ಸಂಪಾದಕರೇ,

ನನ್ನ ತಂಗಿ ಮಗ ಕ್ರಿಪ್ಟೊ ವಿಮರ್ಶೆಯ ಜಾಲತಾಣವೊಂದನ್ನು ನಂಬಿ ಖಾತೆ ತೆರೆಯಲು ಹೊರಟಿದ್ದ. ಅಲ್ಲಿ ಕ್ರಿಪ್ಟೊ ಕೊಂಡು ಮಾರುವ ಒಂದು ಎಕ್ಸ್‌ಚೇಂಜ್‌ಗೆ ಐದಕ್ಕೆ ಐದು ಸ್ಟಾರ್! ಲಿಂಕ್ ನೋಡಿದರೆ ಕೊನೆಯಲ್ಲಿ 'ರೆಫ್' ಅಂತ ಕೋಡ್, ಗಿರಾಕಿಯನ್ನು ಕಳಿಸಿದವರು ಯಾರು ಎಂದು ತಿಳಿಸುವ ಗುರುತು. ಅಂದರೆ ಇವನು ಸೇರಿದರೆ ಬರೆದವರಿಗೆ ಕಮಿಷನ್. ಎಷ್ಟೋ ಕಡೆ ವಹಿವಾಟಿನ ಶುಲ್ಕದಲ್ಲೂ ಪಾಲು ಸಿಗುತ್ತದೆ. ಇವನು ಕಳೆದುಕೊಂಡರೂ ಅವರಿಗೆ ದುಡ್ಡು. ಈ ವಿಷಯ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿತ್ತು.

ಕಮಿಷನ್ ತಗೊಳ್ಳಲಿ, ಬೇಡ ಅನ್ನುವುದಿಲ್ಲ. ಸ್ಟಾರ್ ಪಕ್ಕದಲ್ಲೇ ಹೇಳಬೇಕು ಅಲ್ವಾ? ಅಂಕ ಕೊಡುವವರು ಕಮಿಷನ್ ಲೆಕ್ಕ ನೋಡುವವರಾಗಿರಬಾರದು. ಕ್ರಿಪ್ಟೊ ಜಾಹೀರಾತಿನಲ್ಲಿ ಅಪಾಯದ ಎಚ್ಚರಿಕೆ ಎದ್ದು ಕಾಣಬೇಕೆಂಬ ಜಾಹೀರಾತು ಮಾನದಂಡ ಮಂಡಳಿಯ ನಿಯಮ 2022ರ ಏಪ್ರಿಲ್‌ನಿಂದಲೇ ಇದೆ. ಇಂಥ 'ವಿಮರ್ಶೆ'ಗಳ ಮೇಲೂ ಮಂಡಳಿ ಕಣ್ಣಿಡಲಿ.

– ಒಬ್ಬ ಓದುಗ, ಮೈಸೂರು