ಈಜುಕೊಳದ ಫೋಟೋ

ಮೇ 2022

ಪುಟ್ಟಿ,

ಭಾನುವಾರ ಫೋನಿನಲ್ಲಿ ಹಾಗೆ ಕೂಗಾಡಬಾರದಿತ್ತು. ನೀನು ಕಟ್ ಮಾಡಿದ್ದು ಸರಿ. ನಿನ್ನಮ್ಮ ಅವತ್ತಿಡೀ ನನ್ನ ಹತ್ತಿರ ಮಾತಾಡಲಿಲ್ಲ.

ನೀನಿರುವ ಫಿನ್ಲೆಂಡ್ ನೇಟೋ ಸೇನಾ ಒಕ್ಕೂಟ ಸೇರುವ ಮಾತು ಬಂದಾಗ "ಯಾರ ಕಡೆಯೂ ಸೇರದೆ ಸುಮ್ನೆ ಇದ್ದರೆ ಯಾರೂ ಮುಟ್ಟಲ್ಲ" ಅಂದಿದ್ದೆ. "1939ರಲ್ಲೂ ಸುಮ್ನೇ ಇದ್ದರು ಅಪ್ಪಾ" ಅಂದೆ ನೀನು. ಇತಿಹಾಸದ ಮೇಷ್ಟ್ರಿಗೇ! ಸಿಟ್ಟು ಬಂತು, ಒಳಗೊಳಗೆ ಖುಷಿಯೂ ಆಯಿತು. ಹಳೆ ಪುಸ್ತಕ ತೆಗೆದೆ. ನವೆಂಬರ್ 30ರ ಬೆಳಿಗ್ಗೆ ಯುದ್ಧ ಸಾರದೆಯೇ ಹೆಲ್ಸಿಂಕಿ ಮೇಲೆ ಸೋವಿಯತ್ ಬಾಂಬ್. 105 ದಿನದ ಹೋರಾಟ. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ಅಲಿಪ್ತ ನೀತಿ ಅಂತ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ನಾವೂ 1971ರ ಆಗಸ್ಟ್‌ನಲ್ಲಿ ಸೋವಿಯತ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ಮಾತ್ರ ಬೇಗ ಬೇಗ ಮುಗಿಸುತ್ತಿದ್ದೆ.

ಮಂಗಳವಾರ ಅಲ್ಲಿನ ಸಂಸತ್ತಿನಲ್ಲಿ ನೇಟೋ ಪರ 188, ವಿರುದ್ಧ 8. ಮರುದಿನವೇ ಅರ್ಜಿ. ಸರಿ, ಒಪ್ಪಿದೆ. ಆದರೆ ಅರ್ಜಿ ಹಾಕಿದವರು ಇನ್ನೂ ಸದಸ್ಯರಲ್ಲ. ಮೂವತ್ತೂ ದೇಶ ಒಪ್ಪಬೇಕು, ಟರ್ಕಿ ಆಗಲೇ ತಕರಾರು ತೆಗೆದಿದೆ. ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿ. ಈ ನಡುವಿನ ದಿನಗಳೇ ನನಗೆ ಭಯ.

ನೀನು ಕಳಿಸಿದ ಹೆಲ್ಸಿಂಕಿಯ ಇಟಾಕೆಸ್ಕುಸ್ ಈಜುಕೊಳದ ಫೋಟೋ ಇದೆಯಲ್ಲ, ಅದನ್ನೇ ನೋಡುತ್ತಿದ್ದೇನೆ. ಒದ್ದೆ ತಲೆ, ನಗು. ಬಂಡೆ ಕೊರೆದು ಮಾಡಿದ ಆ ಕೊಳ ಯುದ್ಧ ಬಂದರೆ 3,800 ಜನರ ಅಡಗುತಾಣವಂತೆ. ಸಜ್ಜು ಮಾಡಲು 72 ಗಂಟೆ. ಅಷ್ಟು ನೀರು ಎಲ್ಲಿ ಹೋಗುತ್ತೆ? ನೀನು ಈಜಿದ ಜಾಗದಲ್ಲಿ ಯಾರು ಮಲಗುತ್ತಾರೆ? 1939ರಲ್ಲಿ 72 ಗಂಟೆ ಯಾರು ಕೊಟ್ಟಿದ್ದರು? ರಾತ್ರಿ ಎದ್ದು ಮತ್ತೆ ಫೋಟೋ ತೆಗೆದೆ. ಹಿಂದೆ ಬಾಗಿಲೇನಾದರೂ ಕಾಣುತ್ತಾ ಅಂತ ದೊಡ್ಡದು ಮಾಡಿ ನೋಡಿದೆ. ಬರೀ ನೀರು.

ಪಾಸ್‌ಪೋರ್ಟ್ ಕೈಗೆ ಸಿಗುವಲ್ಲಿಡು. ಸ್ವಲ್ಪ ನಗದು ಇರಲಿ. ಮೂರು ದಿನಕ್ಕಾಗುವಷ್ಟು ನೀರು, ಊಟ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಅಲ್ಲಿನವರೇ ಹೇಳುತ್ತಾರಂತೆ, ಕೇಳು. ಟಾರ್ಚ್ ತಗೋ. ಸೆಲ್ ಬೇರೆ ಇಡು, ಒಳಗೇ ಇದ್ದರೆ ಸೋರುತ್ತೆ. ನೋಡು, ಶುರುವಾಯಿತು ನನ್ನ ಪಾಠ.

ವಾಪಸ್ ಬಾ ಅಂತ ಇನ್ನು ಹೇಳಲ್ಲ. ನಿಮ್ಮ ಕಟ್ಟಡದ ಕೆಳಗೂ ಅಂಥ ಜಾಗ ಇದೆಯಾ, ಬೀಗದ ಕೈ ಯಾರ ಹತ್ತಿರ ಇರುತ್ತೆ, ವಿಚಾರಿಸಿ ಬರಿ.

ಅಪ್ಪ