ಇನ್ನು ಮೇಲೆ ಗಾಡಿ ಎತ್ತರ ಕಣ್ಣಂದಾಜಲ್ಲಿ ಸೆಟ್ ಮಾಡುವುದಿಲ್ಲ

ನಮಸ್ಕಾರ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ಏರ್ ಸಸ್ಪೆನ್ಷನ್ನಿನ ರಾತ್ರಿ ಬಸ್ ಓಡಿಸುವ ನಮ್ಮ ಕಡೆಯ ಮಾಲೀಕರಿಗೆ, ಡ್ರೈವರಣ್ಣಂದಿರಿಗೆ ಈ ಪತ್ರ. ಕಾತ್ರಜ್ ಹತ್ತಿರದ ನಮ್ಮ ಶೆಡ್ಡಿಗೆ ವರ್ಷಗಳಿಂದ ಗಾಡಿ ತರುತ್ತಿದ್ದೀರಿ, ಅದಕ್ಕೇ ನೇರವಾಗಿ ಹೇಳುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ "ಸ್ವಲ್ಪ ಎತ್ತಿ ಕೊಡಿ" ಎಂದರೆ ಬಾಡಿ ಎತ್ತಿ ಕೊಡುವುದಿಲ್ಲ. ಗಾಡಿ ಕಂಪನಿ ಹೇಳಿದ ಎತ್ತರಕ್ಕೇ ಅಳತೆ ಹಿಡಿದು ನಿಲ್ಲಿಸುತ್ತೇವೆ. ಬಲೂನ್ (ಸ್ಪ್ರಿಂಗಿನ ಬದಲು ಬಾಡಿ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ) ಒಂದನ್ನೇ ಬದಲಿಸಿ ಕಳಿಸುವುದೂ ಇಲ್ಲ, ಎತ್ತರ ಕಾಯುವ ಲೆವೆಲಿಂಗ್ ವಾಲ್ವ್, ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಕೀಲುಗಳ ಬುಷ್ ಎಲ್ಲಾ ನೋಡಿದ ಮೇಲೇ ಗಾಡಿ ಹೊರಗೆ. ಅರ್ಧ ದಿನದ ಕೆಲಸ ಪೂರ್ತಿ ದಿನ ಹಿಡಿಯುತ್ತದೆ. ಮಜೂರಿ ಒಂದೂವರೆ ಪಟ್ಟು ಆಗುತ್ತದೆ.

ಯಾಕೆ ಅಂತ ಹೇಳಬೇಕಲ್ವಾ? ಕಳೆದ ಮಳೆಗಾಲದಲ್ಲಿ ಒಬ್ಬ ಮಾಲೀಕರು, ಬಸ್ಸಿನ ಹಿಂಭಾಗ ರಸ್ತೆ ಉಬ್ಬಿಗೆ ತಾಗುತ್ತೆ ಎಂದರು. ನಾವು ವಾಲ್ವಿನ ಲಿಂಕ್ ಸರಿಸಿ ಮೂರು ಬೆರಳಷ್ಟು ಎತ್ತಿ ಕೊಟ್ಟೆವು. ಎರಡು ತಿಂಗಳಲ್ಲಿ ಅದೇ ಗಾಡಿ ವಾಪಸ್ ಬಂತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದವು, ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದು ಕಟಕಟ ಅನ್ನುತ್ತಿತ್ತು, ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಸುರಂಗ ದಾಟಿದ ಮೇಲಿನ ಎಸ್ ತಿರುವಿನಲ್ಲಿ ಬಾಡಿ ಒಂದು ಕಡೆ ವಾಲುತ್ತೆ, ಕೈ ನಡುಗುತ್ತೆ ಅಂತ ಡ್ರೈವರ್ ಹೇಳಿದರು. ತಪ್ಪು ನಮ್ಮದೇ. ಮಜೂರಿ ತಗೊಳ್ಳದೆ ಸರಿ ಮಾಡಿಕೊಟ್ಟೆವು. ಆದರೆ ಆ ಬಸ್ಸಿನಲ್ಲಿ ದಿನಾ ರಾತ್ರಿ ಜನ ನಂಬಿ ಮಲಗಿರುತ್ತಾರೆ, ಅದು ಮನಸ್ಸಿನಿಂದ ಹೋಗಿಲ್ಲ.

ತುಂಬಾ ಜನ ಅಂದುಕೊಂಡಿರುವುದು, ಎತ್ತರ ಜಾಸ್ತಿ ಮಾಡಿದರೆ ಗಾಳಿ ಜಾಸ್ತಿ ತುಂಬಿ ಗಾಡಿ ಗಟ್ಟಿಯಾಗಿ ನಿಲ್ಲುತ್ತೆ ಅಂತ. ಹಾಗಲ್ಲ. ಬಲೂನಿನ ಒಳಗೆ ಎಷ್ಟು ಒತ್ತಡ ಇರಬೇಕು ಅನ್ನುವುದನ್ನು ಮೇಲಿನ ಭಾರ ತೀರ್ಮಾನ ಮಾಡುತ್ತದೆ. ಜನ ಹತ್ತಿದರೆ ಬಾಡಿ ಇಳಿಯುತ್ತದೆ, ವಾಲ್ವ್ ಬಲೂನಿಗೆ ಗಾಳಿ ತುಂಬಿ ಮತ್ತೆ ಮೊದಲಿನ ಎತ್ತರಕ್ಕೆ ತರುತ್ತದೆ, ಜನ ಇಳಿದರೆ ಗಾಳಿ ಹೊರಗೆ ಹಾಕುತ್ತದೆ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗಿನ ಗಾಡಿ ಖಾಲಿ ಇದ್ದಾಗ ಕುಣಿಯುವ ಹಾಗೆ ಇದು ಕುಣಿಯದೇ ಇರುವುದಕ್ಕೆ ಇದೇ ಕಾರಣ. ಭಾರದ ಜೊತೆ ಬಲೂನಿನ ಬಿಗಿಯೂ ಏರಿಳಿಯುವುದರಿಂದ, ಖಾಲಿ ಇರಲಿ ತುಂಬಿರಲಿ, ಬಾಡಿ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೆಲ್ಲಗೆ ತೂಗುತ್ತದೆ. ನಿದ್ದೆಗೆ ಹಿತವಾಗಿರುವುದು ಆ ತೂಗಾಟವೇ.

ಎತ್ತರ ಮೀರಿಸಿದರೆ ಶಾಕ್ ಅಬ್ಸಾರ್ಬರ್ ಮೊದಲೇ ಬಹುಪಾಲು ಎಳೆದುಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಇನ್ನೂ ಉದ್ದವಾಗಲು ಜಾಗ ಸಾಲುವುದಿಲ್ಲ. ಶಾಫ್ಟಿನ ಕೋನ ಕೆಡುತ್ತದೆ, ಭಾರವೆಲ್ಲ ಮೇಲಕ್ಕೆ ಹೋಗಿ ತಿರುವಿನಲ್ಲಿ ವಾಲುತ್ತದೆ. ತಗ್ಗಿಸಿದರೂ ಕಷ್ಟ, ಬಾಡಿ ಕೆಳಗಿನ ಬಂಪ್ ಸ್ಟಾಪಿಗೆ (ತಡೆ ರಬ್ಬರಿಗೆ) ಬಡಿದು ದುಡುಂ ಅನ್ನುತ್ತದೆ. ಇನ್ನೊಂದು ಮಾತು: ಲೀಫ್ ಪಟ್ಟಿಗಳು ಒಂದಕ್ಕೊಂದು ತಿಕ್ಕಿಕೊಂಡೇ ಸ್ವಲ್ಪ ಕುಣಿತ ನಿಲ್ಲಿಸುತ್ತವೆ, ಬಲೂನಿಗೆ ಆ ಗುಣ ಇಲ್ಲವೆಂದೇ ಹೇಳಬೇಕು. ಹಾಗಾಗಿ ಘಾಟಿನಲ್ಲಿ ಗಾಡಿ ಹಿಡಿತದಲ್ಲಿರುವುದು ಶಾಕ್ ಅಬ್ಸಾರ್ಬರ್ ಮತ್ತು ಬಾಡಿ ವಾಲದಂತೆ ಹಿಡಿಯುವ ಆಂಟಿ ರೋಲ್ ಬಾರಿನ ಮೇಲೆ. ಶಾಕ್ ಅಬ್ಸಾರ್ಬರ್ ಒಂದೇ ಹೋಗಿದ್ದರೂ ಜೋಡಿಯಾಗಿಯೇ ಹಾಕಿ ಎನ್ನುತ್ತೇವೆ, ಸುಮ್ನೆ ಬಿಲ್ ಬೆಳೆಸಲು ಅಲ್ಲ.

ಕೆಲಸ ಹೀಗೆ ನಡೆಯುತ್ತದೆ. ಟೈರ್ ಗಾಳಿ ಸರಿ ಮಾಡಿ, ಗಾಳಿ ಟ್ಯಾಂಕ್ ತುಂಬಿಸಿ, ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಅಳೆಯುತ್ತೇವೆ. ಬಲೂನಿನ ಮೇಲಂಚಿಗೆ ಸೋಪು ನೀರು ಬ್ರಷ್‌ನಲ್ಲಿ ಹಚ್ಚಿ ಕಾಯುತ್ತೇವೆ. ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ ಅಲ್ಲಿ ಸೋರಿಕೆ ಇದೆ. ಕೆಳಗೆ ರಬ್ಬರ್ ಮಡಚಿಕೊಳ್ಳುವ ಕಡೆ ಕೆಸರು ಕೂತಿದ್ದರೆ ಅದು ಮರಳು ಕಾಗದದ ಹಾಗೆ ಉಜ್ಜುತ್ತದೆ, ತೊಳೆದು ನೋಡುತ್ತೇವೆ. ಆಮೇಲೆ ಸೀಟುಗಳ ಮೇಲೆ ಮರಳು ಚೀಲ ಇಟ್ಟು ಎತ್ತರ ವಾಪಸ್ ಬರುತ್ತದಾ ಅಂತ ನೋಡಿ, ಕಾತ್ರಜ್ ಘಾಟಿನಲ್ಲಿ ಒಂದು ಸುತ್ತು ಓಡಿಸುತ್ತೇವೆ. ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನ ಕಾರ್ಟ್ರಿಜ್ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಬರೆದು ತನ್ನಿ, ಗಾಳಿಯ ಜೊತೆ ನೀರು ಒಳಗೆ ಹೋದರೆ ವಾಲ್ವ್ ಉಳಿಯುವುದಿಲ್ಲ.

ದಿನಕ್ಕೆ ಎರಡೇ ಗಾಡಿ ತಗೊಳ್ಳುತ್ತೇವೆ, ಮೊದಲೇ ಫೋನ್ ಮಾಡಿ. ಆಗುವುದಾದರೆ ಕ್ಲೀನರ್ ಹುಡುಗನ ಬದಲು ಡ್ರೈವರನ್ನೇ ಕಳಿಸಿ. ಯಾವ ತಿರುವಿನಲ್ಲಿ, ಯಾವ ಸ್ಪೀಡಿನಲ್ಲಿ ವಾಲುತ್ತೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.