ನೀರುನಾಯಿಗಳ ತಲೆ ಎಣಿಸಿದರೆ ಸಾಲದು

ಸಂಪಾದಕರೇ,

ನೀರುನಾಯಿಗಳ ಸುದ್ದಿಗೆ ಪತ್ರಿಕೆಗಳಲ್ಲಿ ಒಂದು ಸಿದ್ಧ ಅಚ್ಚು ಇದೆ. ನದಿಯಲ್ಲಿ ಐದಾರು ನೀರುನಾಯಿಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ, ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತಿರುವ ಚಿತ್ರ ಬರುತ್ತದೆ, ಅದರಡಿ ‘ನೀರುನಾಯಿ ಕುಟುಂಬ’ ಎಂಬ ಒಕ್ಕಣೆ, ವರದಿಯ ಕೊನೆಗೆ ‘ಸಂತತಿ ಹೆಚ್ಚುತ್ತಿದೆ’ ಎಂಬ ಸಮಾಧಾನ. ಚಿತ್ರದ ಬಗ್ಗೆ ನನ್ನ ತಕರಾರಿಲ್ಲ; ಶೀರ್ಷಿಕೆಗೆ ‘ಕುಟುಂಬ’ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದೂ ಗೊತ್ತು. ಆದರೆ ಗುಂಪಿನಲ್ಲಿರುವುದೆಲ್ಲ ಕುಟುಂಬವಲ್ಲ, ಸಂಖ್ಯೆ ಏರಿದ ಮಾತ್ರಕ್ಕೆ ಸಂತತಿ ಭದ್ರವಾಗುವುದೂ ಇಲ್ಲ.

ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಸಮುದ್ರದಂಚಿನಲ್ಲಿ ಬದುಕುವ ಉತ್ತರ ಅಮೆರಿಕದ ನದಿ ನೀರುನಾಯಿಗಳನ್ನೇ ನೋಡಿ. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಹಡಗಿನಿಂದಾದ ತೈಲ ಸೋರಿಕೆಯ ನಂತರ ಇವುಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಇಲ್ಲಿ ಗಂಡುಗಳು ಗುಂಪು ಕಟ್ಟಿಕೊಂಡು ತಿರುಗುತ್ತವೆ. ನೋಡಿದವರಿಗೆ ಅಣ್ಣತಮ್ಮಂದಿರೆಂದೇ ಅನ್ನಿಸಬೇಕು. ಡಿಎನ್‌ಎ ಪರೀಕ್ಷೆಯಲ್ಲಿ ಮಾತ್ರ ಗುಂಪಿಗೂ ರಕ್ತಸಂಬಂಧಕ್ಕೂ ತಾಳೆಯಾಗಲಿಲ್ಲ. ಹಿಂಡಾಗಿ ಈಜುವ ಮೀನನ್ನು ಹಲವರು ಸೇರಿ ಹಿಡಿಯುವುದು ಸುಲಭ. ಅವು ಜೊತೆಗೂಡಿದ್ದಕ್ಕೆ ಸಂಶೋಧಕರು ಕೊಟ್ಟ ವಿವರಣೆ ಇದು. ಇನ್ನೂ ಸ್ವಾರಸ್ಯದ ಸಂಗತಿ ವಲಸೆಯದು. ಸಸ್ತನಿಗಳಲ್ಲಿ ಸಾಮಾನ್ಯವಾಗಿ ಗಂಡುಮರಿ ದೂರ ಹೋಗುತ್ತದೆ, ಹೆಣ್ಣು ತಾಯಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಈ ಕೊಲ್ಲಿಯಲ್ಲಿ ನೆಲೆ ಬಿಟ್ಟು ಹೋದವೇ ಕಡಿಮೆ. ಹೋದವುಗಳಲ್ಲಿ ಗಂಡುಗಳು 16ರಿಂದ 30 ಕಿಲೋಮೀಟರ್‌ಗೆ ನಿಂತರೆ, ಹೆಣ್ಣುಗಳು 60ರಿಂದ 90 ಕಿಲೋಮೀಟರ್ ದಾಟಿದ್ದವು. ಪೋರ್ಚುಗಲ್‌ನ ಯುರೇಷಿಯನ್ ನೀರುನಾಯಿಗಳಲ್ಲಿ ಕಂಡದ್ದು ಇದಕ್ಕೆ ತಿರುವುಮುರುವು. ಅಲ್ಲಿ ಹೊರಗೆ ಹೋಗುವುದು ಹೆಚ್ಚಾಗಿ ಗಂಡು. ಒಂದು ಜಾತಿಯ ನಡೆಯನ್ನು ಇನ್ನೊಂದರ ಮೇಲೆ ಹೊರಿಸಿ ಸಂರಕ್ಷಣೆಯ ಯೋಜನೆ ಬರೆಯುವವರು ಇದನ್ನು ಓದಬೇಕು.

ಯಾರು ಎಲ್ಲಿಗೆ ಹೋದರೆ ನಮಗೇನು ಎನ್ನುವವರಿಗೆ ನೆದರ್‌ಲೆಂಡ್ಸ್ ಉತ್ತರ ಕೊಡುತ್ತದೆ. ಅಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ನೀರುನಾಯಿ ಪೂರ್ತಿ ಕಣ್ಮರೆಯಾಗಿತ್ತು. 2002ರಿಂದ ಕೆಲವು ವರ್ಷಗಳಲ್ಲಿ ಹೊರಗಿನಿಂದ ಸುಮಾರು 30 ಪ್ರಾಣಿಗಳನ್ನು ತಂದು ಬಿಟ್ಟರು. ಮರಿಗಳಾದವು, ಎಣಿಕೆ ಏರಿತು, ಎಲ್ಲರಿಗೂ ಸಂತೋಷ. ಹಿಕ್ಕೆಯ ಡಿಎನ್‌ಎಯಿಂದ ತಂದೆತಾಯಿ ಯಾರೆಂದು ಪತ್ತೆ ಹಚ್ಚಿದಾಗ ಬೇರೆಯೇ ಕಥೆ ಹೊರಬಿತ್ತು: ಬಹುಪಾಲು ಮರಿಗಳಿಗೆ ಬೆರಳೆಣಿಕೆಯ ಬಲಾಢ್ಯ ಗಂಡುಗಳೇ ತಂದೆ. ಉಳಿದ ಗಂಡುಗಳು ಎಣಿಕೆಯಲ್ಲಿದ್ದವು, ವಂಶದಲ್ಲಿ ಇರಲಿಲ್ಲ. ಹೀಗಾದರೆ ಮುಂದಿನ ಪೀಳಿಗೆಯ ಬಹಳಷ್ಟು ಮರಿಗಳು ಒಂದೇ ತಂದೆಗೆ ಹುಟ್ಟಿದ ಮಲಸಹೋದರರು. ಅವು ಚದುರಿ ಬೇರೆ ನೆಲೆ ಹಿಡಿಯದಿದ್ದರೆ ತಮ್ಮತಮ್ಮಲ್ಲೇ ಕೂಡುತ್ತವೆ. ಚದುರಲು ಹೊರಟರೆ ರಸ್ತೆ ಅಡ್ಡ ಬರುತ್ತದೆ. ಆ ದೇಶದಲ್ಲಿ ನೀರುನಾಯಿಗಳ ಸಾವಿಗೆ ಮುಖ್ಯ ಕಾರಣವೇ ವಾಹನ.

ಹೀಗೆ ಕಳೆದುಹೋದ ಆನುವಂಶಿಕ ವೈವಿಧ್ಯ, ಅಂದರೆ ಹುಟ್ಟಿನಿಂದ ಬರುವ ಗುಣಗಳ ಬಗೆಬಗೆ, ಸಂಖ್ಯೆಯ ಜೊತೆ ಮರಳಿ ಬರುವುದೂ ಇಲ್ಲ. ತುಪ್ಪಳದ ವ್ಯಾಪಾರಕ್ಕೆ ಬಲಿಯಾದ ಕಡಲ ನೀರುನಾಯಿಗೆ 1911ರ ಅಂತರರಾಷ್ಟ್ರೀಯ ಒಪ್ಪಂದದಿಂದ ರಕ್ಷಣೆ ಸಿಕ್ಕಾಗ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಉಳಿದಿದ್ದವು ಸುಮಾರು 50. ಈಗ 3,000ದ ಆಸುಪಾಸು ಇವೆ. ಅಷ್ಟೂ ಆ ಹಿಡಿಯಷ್ಟರ ಸಂತಾನ, ಅವುಗಳ ಆನುವಂಶಿಕ ವೈವಿಧ್ಯ ಇಂದಿಗೂ ಕಡಿಮೆ.

ಹಿಕ್ಕೆಯಿಂದ ಡಿಎನ್‌ಎ ತೆಗೆಯುವುದು ಹೇಳಿದಷ್ಟು ಸಲೀಸಲ್ಲ. ನೀರುನಾಯಿಯ ಹಿಕ್ಕೆಯ ತುಂಬ ಮೀನಿನ ಮುಳ್ಳು, ಪೊರೆ, ಏಡಿಯ ಚಿಪ್ಪು. ಬೇಕಾದದ್ದು ಪ್ರಾಣಿಯ ಕರುಳಿನಿಂದ ಉದುರಿ ಅದರ ಮೇಲೆ ಅಂಟಿಕೊಂಡ ಕೆಲವು ಜೀವಕೋಶಗಳು ಮಾತ್ರ. ಬಿಸಿಲು, ತೇವ, ಬ್ಯಾಕ್ಟೀರಿಯಾ ಸೇರಿ ಅವನ್ನು ಬೇಗ ಹಾಳುಮಾಡುತ್ತವೆ. ಅದಕ್ಕೇ ಬೆಳಗಿನ ಜಾವ ಬಂಡೆಯಿಂದ ಬಂಡೆಗೆ ಹುಡುಕಿ, ರಾತ್ರಿ ಹಾಕಿದ ಹಸಿ ಹಿಕ್ಕೆಯನ್ನೇ ಆರಿಸಿ ಆಲ್ಕೋಹಾಲ್ ತುಂಬಿದ ಕೊಳವೆಗೆ ಹಾಕುತ್ತಾರೆ. ಕೆಲವೊಮ್ಮೆ ಲೋಳೆಯಂಥ ಸ್ರಾವ ಸಿಗುತ್ತದೆ; ಅದು ಸಿಕ್ಕರೆ ಅದೃಷ್ಟ, ಡಿಎನ್‌ಎ ಅದರಲ್ಲಿ ಹೆಚ್ಚು ಚೆನ್ನಾಗಿರುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಮಾದರಿಯನ್ನು ಹಲವು ಬಾರಿ ಓದಬೇಕು. ಹರಕು ಡಿಎನ್‌ಎಯಲ್ಲಿ ತಂದೆಯಿಂದ ಬಂದ ಗುರುತೋ ತಾಯಿಯಿಂದ ಬಂದ ಗುರುತೋ ತಪ್ಪಿಹೋದರೆ ಇದ್ದ ಒಂದು ಪ್ರಾಣಿ ಲೆಕ್ಕದಲ್ಲಿ ಎರಡಾಗುತ್ತದೆ. ಆದ್ದರಿಂದ ‘ಡಿಎನ್‌ಎ ಆಧಾರಿತ ಗಣತಿ’ ಎಂಬ ಪ್ರಕಟಣೆ ಬಂದಾಗ ಎಷ್ಟು ಮಾದರಿ ತೆಗೆದರು, ಅದರಲ್ಲಿ ಎಷ್ಟರಿಂದ ಫಲಿತಾಂಶ ಬಂತು ಎಂದು ನಿಮ್ಮ ವರದಿಗಾರರು ಕೇಳಲಿ. ಅದಕ್ಕೂ ಮೊದಲು ಕೇಳಬೇಕಾದದ್ದು, ಮರಿ ಹಾಕುತ್ತಿರುವವು ಎಷ್ಟು, ಅವು ಪರಸ್ಪರ ಎಷ್ಟು ಹತ್ತಿರದ ನೆಂಟರು ಎಂದು.

ಒಳಸಂತಾನದ, ಅಂದರೆ ಹತ್ತಿರದ ನೆಂಟರೊಳಗೇ ಮರಿಗಳಾಗುವ ಭಯ ಹುಟ್ಟಿದ ಕೂಡಲೇ ಎಲ್ಲಿಂದಲೋ ಪ್ರಾಣಿ ಹಿಡಿದು ತಂದು ಬಿಡುವ ಉತ್ಸಾಹ ಕೆಲವರಿಗೆ ಬರುತ್ತದೆ. ಫೋಟೋಗೂ ಚೆನ್ನಾಗಿರುತ್ತದೆ. ನನ್ನ ಮಟ್ಟಿಗೆ ಅದು ಕಟ್ಟಕಡೆಯ ದಾರಿ. ನದಿಯಿಂದ ನದಿಗೆ ತಾವಾಗಿಯೇ ನಡೆದು ಹೋಗಬಲ್ಲ ಪ್ರಾಣಿಗಳಿವು. ದಾರಿ ಬಿಟ್ಟುಕೊಟ್ಟರೆ ಕೆಲಸದ ಬಹುಪಾಲು ಅವೇ ಮಾಡಿಕೊಳ್ಳುತ್ತವೆ. ಪ್ರವಾಹದಲ್ಲಿ ಸೇತುವೆಯಡಿ ನೀರು ರಭಸದಿಂದ ತುಂಬಿ ಹರಿಯುವಾಗ ನೀರುನಾಯಿ ಎದುರು ಈಜುವ ಬದಲು ದಡ ಹತ್ತಿ ರಸ್ತೆ ದಾಟಲು ಹೋಗಿ ಸಾಯುತ್ತದೆ. ಸೇತುವೆಯ ಒಳಗೋಡೆಯ ಉದ್ದಕ್ಕೂ ಪ್ರವಾಹಮಟ್ಟಕ್ಕಿಂತ ಮೇಲೆ ಕಿರಿದಾದ ಕಟ್ಟೆಯೊಂದನ್ನು ಕಟ್ಟಿ, ರಸ್ತೆಗೆ ಹತ್ತದಂತೆ ಇಕ್ಕೆಲದಲ್ಲಿ ಬೇಲಿ ಹಾಕುವ ಕ್ರಮ ಯುರೋಪಿನಲ್ಲಿ ಈಗಾಗಲೇ ಬಳಕೆಯಲ್ಲಿದೆ. ಹೊಸ ಸೇತುವೆಗಳ ನಕ್ಷೆ ಬರೆಯುವಾಗಲೇ ಈ ಕಟ್ಟೆ ಅದರಲ್ಲಿ ಸೇರಬೇಕು. ಕಟ್ಟಿ ಮುಗಿಸಿದ ಮೇಲೆ ಸೇರಿಸಲು ಹೊರಟರೆ ಖರ್ಚೂ ಹೆಚ್ಚು, ಒಪ್ಪಿಸುವ ಕಷ್ಟವೂ ಹೆಚ್ಚು.

– ಒಬ್ಬ ಓದುಗ